ಮೈಲಿಗಲ್ಲುಗಳ ಯುದ್ಧ

ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಲಾರಿಗಳನ್ನು ಓಡಿಸಿದವರು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ದಳದ ಸಿಪಾಯಿಗಳು. ಅಕ್ಕಿ, ಹಿಟ್ಟು, ಪೆಟ್ರೋಲು, ಮದ್ದುಗುಂಡು, ಔಷಧ, ಕೆಲವೊಮ್ಮೆ ಕಾಲಾಳುಗಳನ್ನೇ ರೈಲು ಮುಗಿಯುವಲ್ಲಿಂದ ಕದನ ಶುರುವಾಗುವಲ್ಲಿಗೆ ಮುಟ್ಟಿಸುವುದು ಈ ದಳದ ಕೆಲಸ. 1935ರಲ್ಲಿ ಹೆಸರಿನ ಮುಂದೆ ‘ರಾಯಲ್’ ಬಂದಿತ್ತಾದರೂ ದಳಕ್ಕೆ ಮೋಟಾರು ಇನ್ನೂ ಪೂರ್ತಿ ಒಗ್ಗಿರಲಿಲ್ಲ. 1939ರಲ್ಲಿ ಯುದ್ಧ ಸಾರಿದಾಗಲೂ ಅದರ ಬಹುಪಾಲು ಹೇರು ಹೇಸರಗತ್ತೆಗಳ ಬೆನ್ನಿನ ಮೇಲೆಯೇ ಇತ್ತು. ಆ ವರ್ಷದ ಕೊನೆಯಲ್ಲಿ ಫ್ರಾನ್ಸಿಗೆ ಹೋದ ಮೊದಲ ಭಾರತೀಯ ತುಕಡಿ ಈ ದಳದ ನಾಲ್ಕು ಹೇಸರಗತ್ತೆ ಕಂಪನಿಗಳದ್ದು. ಪೆಟ್ರೋಲಿನಲ್ಲಿ ಓಡುವ ಬ್ರಿಟಿಷ್ ಸೇನೆ ಮಂಜು ಬಿದ್ದ ದಾರಿಗಳಿಗಾಗಿ ಭಾರತದಿಂದ ಪ್ರಾಣಿಗಳನ್ನು ತರಿಸಿಕೊಂಡಿತ್ತು. ಮುಂದಿನ ಬೇಸಿಗೆಯಲ್ಲಿ ಪ್ರಾಣಿಗಳನ್ನು ಅಲ್ಲಿಯೇ ಬಿಟ್ಟು ಹಲವು ಆಳುಗಳು ಡಂಕರ್ಕ್ ಮೂಲಕ ಪಾರಾದರು. ಒಂದು ಕಂಪನಿ ಜರ್ಮನರ ಕೈಗೆ ಸಿಕ್ಕಿತು. ಐದು ವರ್ಷಗಳ ನಂತರ ಇದೇ ದಳದ ಲಾರಿ ಸಾಲುಗಳು ಬರ್ಮಾ ಬಯಲಿನಲ್ಲಿ ಮೈಲಿಗಟ್ಟಲೆ ಉದ್ದ ಹೋಗುತ್ತಿದ್ದವು. ನಡುವಿನ ಐದು ವರ್ಷಗಳಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೇನನ್ನೂ ಹೊಡೆಯದ ಲಕ್ಷಾಂತರ ಕೈಗಳಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಲಾಯಿತು.

ಈ ಬದಲಾವಣೆಯ ಗಾತ್ರ ಘಟ್ಟದ ಬುಡದ ಒಂದು ಊರಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ನೆಲ್ಯಾಡಿ ಇಂದು ಹಗಲು ರಾತ್ರಿ ಲಾರಿಗಳ ಸದ್ದಿನಲ್ಲಿ ಬದುಕುವ ಪೇಟೆ. ಮಂಗಳೂರು–ಬೆಂಗಳೂರು ಹೆದ್ದಾರಿ ಉಪ್ಪಿನಂಗಡಿ ದಾಟಿ, ನೆಲ್ಯಾಡಿಯನ್ನು ಹಾದು, ಗುಂಡ್ಯದಲ್ಲಿ ಕೊನೆಯ ಸಮತಟ್ಟು ಮುಗಿಸಿ ಶಿರಾಡಿ ಘಾಟಿ ಹತ್ತುತ್ತದೆ. 1940ರ ಸುಮಾರಿಗೆ ಚಿತ್ರ ಬೇರೆ. ಇಂದು ಊರು ಸೇರಿರುವ ಕಡಬ ತಾಲ್ಲೂಕು ಆಗ ಹುಟ್ಟಿರಲಿಲ್ಲ. ಊರು ಪುತ್ತೂರು ತಾಲ್ಲೂಕಿಗೆ, ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಘಾಟಿ ಹತ್ತಿದರೆ ಮೈಸೂರು ಸಂಸ್ಥಾನ, ಅಂದರೆ ಬೇರೆಯೇ ಸರ್ಕಾರ. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಆವರೆಗೆ ರೈಲು ಹತ್ತಬೇಕಾದವರು 1907ರಲ್ಲಿ ಹಳಿ ತಲುಪಿದ್ದ ಮಂಗಳೂರಿಗೇ ಇಳಿಯಬೇಕಿತ್ತು. ಮಂಗಳೂರಿನಲ್ಲಿ ಸಿ.ಪಿ.ಸಿ. ಕಂಪನಿ 1914ರಲ್ಲೇ ಬಸ್ಸು ಓಡಿಸಿದ್ದರಿಂದ ಜಿಲ್ಲೆಗೆ ಮೋಟಾರು ಹೊಸದೇನಲ್ಲ. ಆದರೆ ಬಸ್ಸು ನೋಡಿದವರು ಬಹಳ, ಓಡಿಸಬಲ್ಲವರು ಕೆಲವೇ ಕೆಲವರು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದ ಮೇಲೆ ಇದ್ದ ಬಸ್ಸುಗಳೂ ಹಿಂಬದಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಏದುಸಿರು ಬಿಡತೊಡಗಿದವು. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುವುದು, ತಳ್ಳುವುದು ಟಿಕೆಟಿನ ಭಾಗವೇ ಆಯಿತು. ಊರಿನ ಬಸ್ಸಿಗೆ ಸಿಗದ ಪೆಟ್ರೋಲು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಉತ್ತರ ಸೇನೆಯ ಲಾರಿಗಳಲ್ಲಿತ್ತು.

ಮದ್ರಾಸು ಪ್ರಾಂತದವರು ಸೇನೆಯಲ್ಲಿ ಆಗ ವಿರಳ. ಉತ್ತರದ ಕೆಲವು ಜನವರ್ಗಗಳು ಮಾತ್ರ ಹುಟ್ಟಾ ಯೋಧರು ಎಂಬ ಬ್ರಿಟಿಷ್ ನಂಬಿಕೆ ದಕ್ಷಿಣದ ಕಾಲಾಳು ಪಡೆಗಳನ್ನು ಒಂದೊಂದಾಗಿ ಮುಚ್ಚಿಸಿತ್ತು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳ ಉಳಿದುಕೊಂಡಿತ್ತು, ಅಷ್ಟೆ. ಯುದ್ಧ ಬೆಳೆಯುತ್ತಿದ್ದಂತೆ ಆ ನಂಬಿಕೆಗೆ ಬೆಲೆ ಉಳಿಯಲಿಲ್ಲ. 1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತು. 1941ರಲ್ಲಿ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಲಾಯಿತು. ಭರ್ತಿಯಲ್ಲಿ ಪಂಜಾಬಿನ ನಂತರದ ಸ್ಥಾನ ಮದ್ರಾಸು ಪ್ರಾಂತಕ್ಕೇ ಬಂತು. ಹೀಗೆ ಬಂದ ದಕ್ಷಿಣದವರಲ್ಲಿ ದೊಡ್ಡ ಪಾಲು ಸಾಗಣೆ, ರಿಪೇರಿ, ರಸ್ತೆ ಕೆಲಸ, ಆಸ್ಪತ್ರೆಗಳಂಥ ವಿಭಾಗಗಳಿಗೆ ಹೋಯಿತು.

ಸೇರಿದ್ದು ಸಾಮ್ರಾಜ್ಯದ ಮೇಲಿನ ಅಭಿಮಾನದಿಂದ ಎಂದು ಹೇಳುವುದು ಕಷ್ಟ. ಯುದ್ಧದ ಆರಂಭದಲ್ಲಿ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 16 ರೂಪಾಯಿ. ಅದು ದೊಡ್ಡ ಮೊತ್ತವಲ್ಲ, ಆದರೆ ಅದರ ಜತೆಗೆ ಊಟ, ಬಟ್ಟೆ, ವೈದ್ಯೋಪಚಾರ ಪುಕ್ಕಟೆ. ಸಂಬಳದ ಪಾಲು ಮನೆಗೆ ತಲುಪುತ್ತಿತ್ತು. ಗೇಣಿ ಕೊಟ್ಟು ಮಿಕ್ಕಿದ್ದರಲ್ಲಿ ವರ್ಷ ಕಳೆಯುವ ಒಕ್ಕಲು ಮನೆಗೆ ತಿಂಗಳು ತಿಂಗಳು ನಗದು ಬರುವುದೆಂದರೆ ಸಣ್ಣ ಸಂಗತಿಯಲ್ಲ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತ ಮೇಲೆ ಪಶ್ಚಿಮ ಕರಾವಳಿಯಲ್ಲಿ, ಮುಖ್ಯವಾಗಿ ಮಲಬಾರಿನಲ್ಲಿ, ಅಕ್ಕಿಯ ಅಭಾವ ತೀವ್ರವಾಯಿತು. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿಯೂ ನಡೆದು, ಒಂದೇ ಊರಿನಿಂದ ಒಬ್ಬ ಜೈಲಿಗೂ ಇನ್ನೊಬ್ಬ ಸೇನೆಗೂ ಹೋಗುವ ಕಾಲವಾಗಿತ್ತು. ಕಾನೂನಿನ ಪ್ರಕಾರ ಎಲ್ಲರೂ ಸ್ವಯಂಸೇವಕರು. ಭಾರತೀಯರ ಮೇಲೆ ಕಡ್ಡಾಯ ಭರ್ತಿ ಹೇರಿರಲಿಲ್ಲ. ಹಸಿವು ಮಾಡಿಸಿದ ಭರ್ತಿ ಎಷ್ಟು ಎಂಬುದನ್ನು ಮಾತ್ರ ಯಾವ ರಿಜಿಸ್ಟರೂ ಬರೆದಿಡಲಿಲ್ಲ.

ತರಬೇತಿಯ ಮೊದಲ ತೊಡಕು ಎಂಜಿನ್ ಅಲ್ಲ, ಭಾಷೆ. ಸೇನೆಯ ಆಜ್ಞೆಗಳು ಹಿಂದುಸ್ತಾನಿಯಲ್ಲಿ, ಅದರ ಬರಹ ರೋಮನ್ ಲಿಪಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವನು ಮೂರನೆಯ ಭಾಷೆಯನ್ನು ನಾಲ್ಕನೆಯದರ ಲಿಪಿಯಲ್ಲಿ ಓದಬೇಕಿತ್ತು. ಚಾಲಕರ ಪರಿಭಾಷೆಗೆ ಅಷ್ಟು ತೊಂದರೆಯಾಗಲಿಲ್ಲ. ಕ್ಲಚ್ಚು, ಗೇರು, ಬ್ರೇಕು, ಟಯರು ಪಂಜಾಬಿನವನಿಗೂ ಪುತ್ತೂರಿನವನಿಗೂ ಸಮಾನವಾಗಿ ಪರಕೀಯವಾಗಿದ್ದವು, ಹಾಗಾಗಿ ಬೇಗ ಸ್ವಂತವಾದವು.

ಆ ಕಾಲದ ಸೇನಾ ಲಾರಿಗಳ ಗೇರು ಸಲೀಸಾಗಿ ಬೀಳುತ್ತಿರಲಿಲ್ಲ. ಕ್ಲಚ್ಚನ್ನು ಒಮ್ಮೆ ಒತ್ತಿ ಗೇರನ್ನು ನಡುವಿಗೆ ತಂದು, ಬಿಟ್ಟು, ಎಂಜಿನ್ನಿಗೆ ಒಂದು ಸಲ ಉಸಿರು ಕೊಟ್ಟು, ಮತ್ತೆ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಲೆಕ್ಕ ತಪ್ಪಿದರೆ ಹಲ್ಲು ಕಡಿಯುವ ಸದ್ದು. ಘಾಟಿಯ ನಡುವೆ ತಪ್ಪಿದರೆ ಗೇರೇ ಇಲ್ಲದ ಲಾರಿ ಹಿಂದಕ್ಕೆ ಜಾರುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು ಎಂಬ ಘಾಟಿ ಚಾಲಕರ ಹಳೆಯ ಸೂತ್ರ ಸೇನೆಯ ಶಾಲೆಗಳಲ್ಲೂ ಪಾಠವೇ ಆಗಿತ್ತು. ಓಡಿಸುವುದು ಅರ್ಧ ಕೆಲಸ, ನೋಡಿಕೊಳ್ಳುವುದು ಇನ್ನರ್ಧ. ಹೊರಡುವ ಮೊದಲು ಎಣ್ಣೆ, ನೀರು, ಗಾಳಿ, ಚಕ್ರದ ನಟ್ಟು. ದಾರಿಯಲ್ಲಿ ನಿಂತಾಗ ಟಯರಿನ ಬಿಸಿ. ರಾತ್ರಿ ಮಲಗುವ ಮೊದಲು ಮತ್ತೆ ಇಡೀ ಗಾಡಿ. ವಾರದ ಯಾವ ದಿನ ಯಾವ ಭಾಗ ಬಿಚ್ಚಿ ನೋಡಬೇಕೆಂಬ ಪಟ್ಟಿಯೂ ಇರುತ್ತಿತ್ತು. ರೈಫಲ್ಲನ್ನು ಶುಚಿಯಾಗಿಡದ ಕಾಲಾಳಿಗೆ ಆಗುವ ಶಿಕ್ಷೆ ಗ್ರೀಸು ಹಾಕದ ಚಾಲಕನಿಗೂ ಆಗುತ್ತಿತ್ತು.

ಲಾರಿಗಳು ಬಂದದ್ದು ಹೆಚ್ಚಾಗಿ ಕೆನಡಾ ಮತ್ತು ಅಮೆರಿಕದಿಂದ. ಕೆನಡಾದ ಫೋರ್ಡ್, ಷೆವ್ರೊಲೆ ಮುಂತಾದ ಕಾರ್ಖಾನೆಗಳು ಯುದ್ಧಕಾಲದಲ್ಲಿ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿದವು. ಮೂತಿ ಮೊಂಡಾದ, ಸ್ಟೇರಿಂಗ್ ಬಲಗಡೆ ಇರುವ, ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಈ ಗಾಡಿಗಳು ಭಾರತದ ಕೆಸರಿಗೆ ಹೇಳಿಮಾಡಿಸಿದಂತಿದ್ದವು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಘಟಕ ಸೇನಾ ಗಾಡಿಗಳಿಗೆ ತಿರುಗಿತು. ಎಂಜಿನ್ನಿನ ಪಕ್ಕದಲ್ಲೇ ಕೂರುವ ಚಾಲಕನಿಗೆ ಈ ಮೊಂಡುಮೂತಿಯ ಕ್ಯಾಬಿನ್ನು ಬೇಸಿಗೆಯಲ್ಲಿ ಒಲೆಯಿದ್ದಂತೆ. ಕುಡಿಯುವ ನೀರಿಗೆ ಕ್ಯಾನ್ವಾಸಿನ ‘ಛಾಗಲ್’ ಚೀಲವನ್ನು ಮುಂದೆ ತೂಗುಬಿಡುತ್ತಿದ್ದರು. ಒಸರುವ ನೀರು ಗಾಳಿಗೆ ಆರುತ್ತ ಒಳಗಿನದನ್ನು ತಂಪಾಗಿಡುತ್ತಿತ್ತು. ಮಣ್ಣಿನ ಹೂಜಿ ಕಂಡವರಿಗೆ ಅದರ ವಿಜ್ಞಾನ ಬಿಡಿಸಿ ಹೇಳಬೇಕಿರಲಿಲ್ಲ.

ಈ ಚಾಲಕರು ಹೋದ ದೇಶಗಳ ಪಟ್ಟಿ ದೊಡ್ಡದು. ಎರಿಟ್ರಿಯಾ, ಲಿಬಿಯಾ, ಇರಾಕ್, ಇಟಲಿ ಎಲ್ಲ ಅದರಲ್ಲಿವೆ. ಇರಾನಿನ ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. 1941ರ ಆಗಸ್ಟ್ ನಂತರ ಸೋವಿಯತ್ ಒಕ್ಕೂಟಕ್ಕೆ ಮಿತ್ರರಾಷ್ಟ್ರಗಳ ಸಾಮಗ್ರಿ ಇರಾನಿನ ಮೂಲಕವೂ ಹೋಗತೊಡಗಿತು. ಅದರ ಒಂದು ಭಾಗವನ್ನು ಬೆಟ್ಟದಾರಿಗಳಲ್ಲಿ ಹೊತ್ತವು ಭಾರತೀಯ ಸಾಗಣೆ ಕಂಪನಿಗಳು. ದಳದ ಇಬ್ಬರಿಗೆ, ತಮಿಳುನಾಡಿನ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಉತ್ತರಾಖಂಡದ ಪಿಥೋರಾಗಢದ ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ, 1944ರಲ್ಲಿ ಸೋವಿಯತ್ ಸರ್ಕಾರ ‘ರೆಡ್ ಸ್ಟಾರ್’ ಪದಕ ಕೊಟ್ಟಿತು. ಸ್ಟಾಲಿನ್‌ನ ಸರ್ಕಾರದ ಪದಕ ಬ್ರಿಟಿಷ್ ಚಕ್ರವರ್ತಿಯ ಸಮವಸ್ತ್ರದ ಮೇಲೆ ಕೂತದ್ದು ಆ ಯುದ್ಧದ ವಿಚಿತ್ರಗಳಲ್ಲಿ ಒಂದು.

ಆದರೆ ಲಾರಿ ಚಾಲಕ ಎಂಬವನಿಲ್ಲದೆ ಅರ್ಥವೇ ಆಗದ ರಣರಂಗವೆಂದರೆ ಬರ್ಮಾ ಗಡಿ. ಅಲ್ಲಿಯ ಮೊದಲ ಅಧ್ಯಾಯ ಸೋಲಿನದು. 1942ರ ಮೇ ತಿಂಗಳಲ್ಲಿ ಹಿಮ್ಮೆಟ್ಟುತ್ತಿದ್ದ ಸೇನೆ ಚಿಂದ್ವಿನ್ ನದಿಯ ದಡದ ಶ್ವೇಜಿನ್ ತಲುಪಿದಾಗ ದಾಟಿಸಲು ದೋಣಿಗಳು ಸಾಲಲಿಲ್ಲ. ನೂರಾರು ಮೈಲಿ ಉಳಿಸಿಕೊಂಡು ಬಂದ ಗಾಡಿಗಳನ್ನು ದಡದಲ್ಲೇ ಹಾಳುಮಾಡಿ ಬಿಡಬೇಕಾಯಿತು. ತನ್ನ ಲಾರಿಯನ್ನು ತಾನೇ ಕೆಡಿಸುವುದು ಚಾಲಕನಿಗೆ ಕಲಿಸಿದ್ದಕ್ಕೆಲ್ಲ ತದ್ವಿರುದ್ಧ. ಅಲ್ಲಿಂದ ಮುಂದೆ ಕಾಲ್ನಡಿಗೆ. ಅದೇ ದಾರಿಯಲ್ಲಿ ರಂಗೂನ್, ಮಾಂಡಲೆಗಳನ್ನು ಬಿಟ್ಟ ಲಕ್ಷಾಂತರ ಭಾರತೀಯ ನಿರಾಶ್ರಿತರೂ ಮಳೆಗೆ ಮುಂಚೆ ಗಡಿ ದಾಟಲು ನಡೆಯುತ್ತಿದ್ದರು.

ಮುಂದಿನ ಎರಡು ವರ್ಷಗಳ ಕೆಲಸ ಮಣಿಪುರ ರಸ್ತೆಯದು. ಅಸ್ಸಾಮಿನ ಮೀಟರ್ ಗೇಜ್ ರೈಲು ಮೂಲತಃ ಚಹಾ ಪೆಟ್ಟಿಗೆ ಸಾಗಿಸಲು ಹಾಕಿದ್ದು. ಬ್ರಹ್ಮಪುತ್ರಕ್ಕೆ ಸೇತುವೆ ಇರಲಿಲ್ಲ, ರೈಲು ಡಬ್ಬಿಗಳನ್ನು ದೋಣಿಯ ಮೇಲೆ ದಾಟಿಸಬೇಕಿತ್ತು. ಯುದ್ಧಕ್ಕೆ ಮುಂಚೆ ದಿನಕ್ಕೆ 600 ಟನ್ ಸಾಗಿಸುತ್ತಿದ್ದ ಆ ದಾರಿಯನ್ನು 1943ರ ಕೊನೆಯ ಹೊತ್ತಿಗೆ 2,800 ಟನ್ನಿಗೆ ಏರಿಸಿದ್ದರು. ಮಣಿಪುರಕ್ಕೆ ಹೋಗುವ ಸಾಮಗ್ರಿ ರೈಲು ಇಳಿಯುವುದು ದಿಮಾಪುರದಲ್ಲಿ. ಆ ನಿಲ್ದಾಣದ ಹೆಸರೇ ‘ಮಣಿಪುರ್ ರೋಡ್’. ಅಲ್ಲಿಂದ 46 ಮೈಲಿ ಏರಿದರೆ ಸುಮಾರು 5,000 ಅಡಿ ಎತ್ತರದ ಕೊಹಿಮಾ. ಅಲ್ಲಿಂದ ಇಳಿದು ಇಂಫಾಲ ಬಯಲು. ಒಟ್ಟು ಸುಮಾರು 130 ಮೈಲಿ. ಆರಂಭದಲ್ಲಿ ಒಂದೇ ಗಾಡಿಗೆ ಜಾಗವಿದ್ದ ದಾರಿ. ಗೇಟು ಹಾಕಿ ಏರುವವರನ್ನು ಒಮ್ಮೆ, ಇಳಿಯುವವರನ್ನು ಒಮ್ಮೆ ಬಿಡುತ್ತಿದ್ದರು. ಚಹಾ ತೋಟಗಳ ಕೂಲಿಗಳು, ನಾಗಾ ಹಳ್ಳಿಗರು, ಎಂಜಿನಿಯರ್ ದಳಗಳವರು ಸೇರಿ ಅದನ್ನು ಅಗಲ ಮಾಡಿದರು. ಮಳೆ ಬಿದ್ದಾಗ ಗುಡ್ಡ ಮತ್ತೆ ಕುಸಿದು ದಾರಿ ಮುಚ್ಚುತ್ತಿತ್ತು. ಪ್ರತಿ ಆಷಾಢದಲ್ಲಿ ಶಿರಾಡಿ ಮುಚ್ಚಿತೇ, ಚಾರ್ಮಾಡಿ ತೆರೆದಿದೆಯೇ, ಸಂಪಾಜೆ ಸುತ್ತಬೇಕೇ ಎಂದು ವಿಚಾರಿಸುವ ನೆಲ್ಯಾಡಿ ಕಡೆಯವರಿಗೆ ಆ ದೃಶ್ಯ ಅಪರಿಚಿತವಲ್ಲ. ಒಂದು ವ್ಯತ್ಯಾಸವಿತ್ತು: ಮಣಿಪುರ ರಸ್ತೆಗೆ ಸುತ್ತುದಾರಿ ಇರಲಿಲ್ಲ.

ರಾತ್ರಿ ಓಡಿಸುವುದು ಬೇರೆಯೇ ವಿದ್ಯೆ. ವಿಮಾನಗಳ ಕಣ್ಣಿಗೆ ಬೀಳಬಾರದೆಂದು ಮುಂದಿನ ದೀಪಗಳನ್ನು ಮುಚ್ಚಿರುತ್ತಿದ್ದರು. ಪ್ರತಿ ಲಾರಿಯ ಹಿಂದೆ, ಕೆಳಗೆ, ಡಿಫರೆನ್ಷಿಯಲ್ ಗುಂಡಿನ ಮೇಲೆ ಬಿಳಿ ಬಣ್ಣ ಬಳಿದು ಅದಕ್ಕೊಂದು ಸಣ್ಣ ಬಲ್ಬು ಹಾಕಿರುತ್ತಿದ್ದರು. ಹಿಂದಿನ ಚಾಲಕ ಆ ಬಿಳಿ ಚುಕ್ಕೆಯನ್ನೇ ನೋಡಿಕೊಂಡು ಹೋಗಬೇಕು. ಹತ್ತಿರ ಹೋದರೆ ಡಿಕ್ಕಿ, ಹಿಂದೆ ಬಿದ್ದರೆ ಚುಕ್ಕೆ ಮಾಯ. ಮುಂದಿನವನು ಪ್ರಪಾತಕ್ಕೆ ಇಳಿದರೆ ಹಿಂದಿನವನೂ ಅದೇ ಚುಕ್ಕೆಯ ಬೆನ್ನು ಹಿಡಿದು ಹೋಗುವ ಅಪಾಯ ಇದ್ದೇ ಇತ್ತು.

ಇಂಫಾಲದಿಂದ ದಕ್ಷಿಣಕ್ಕೆ ತಿದ್ದಿಮ್ ಕಡೆ ಹೋಗುವ 164 ಮೈಲಿಯ ದಾರಿ ಇದಕ್ಕಿಂತ ಕಠಿಣ. ಅದರ ಒಂದು ಭಾಗಕ್ಕೆ ಸೈನಿಕರು ಇಟ್ಟ ಹೆಸರು ‘ಚಾಕೊಲೇಟ್ ಮೆಟ್ಟಿಲು’. ಏಳು ಮೈಲಿಯಲ್ಲಿ 38 ಮುರಿತಿರುವು, 3,000 ಅಡಿ ಏರು, ಮಳೆಯಲ್ಲಿ ಪೂರ್ತಿ ಕಂದು ಕೆಸರು. ಈ ದಾರಿಗಳಲ್ಲಿ ಸ್ಥಳಗಳಿಗೆ ಹೆಸರಿಗಿಂತ ಮೈಲಿಗಲ್ಲಿನ ಸಂಖ್ಯೆಯೇ ಗುರುತು. ಇಂಥ ಡಿಪೋ 109ರಲ್ಲಿ, ಇಂಥ ಸೇತುವೆ 126ರಲ್ಲಿ ಎಂಬ ಬಗೆ. ಸೇನೆಯ ಅಧಿಕೃತ ವರದಿಗಳೂ ಕ್ರಮೇಣ ಈ ಚಾಲಕರ ಭಾಷೆಯನ್ನೇ ಹಿಡಿದವು. 1944ರ ಮಾರ್ಚಿನಲ್ಲಿ ಜಪಾನಿ ಸೇನೆ ಗಡಿ ದಾಟಿದಾಗ ತಿದ್ದಿಮ್‌ನಲ್ಲಿದ್ದ 17ನೇ ಭಾರತೀಯ ಡಿವಿಷನ್ನು ಸುಮಾರು 16,000 ಜನ, 2,500 ವಾಹನ, 3,500 ಹೇಸರಗತ್ತೆಗಳೊಂದಿಗೆ ಈ ದಾರಿಯಲ್ಲೇ ಹಿಂದಕ್ಕೆ ಬರಬೇಕಾಯಿತು. ಹಿಂದೆ ಜಪಾನಿಗಳು, ದಾರಿಗೆ ಅಡ್ಡವಾಗಿ ಜಪಾನಿಗಳು. ಮೂರು ವಾರ ಕಾದಾಡುತ್ತ ಬಂದ ಆ ಸಾಲು ಏಪ್ರಿಲ್ ಮೊದಲ ವಾರ ಇಂಫಾಲ ಸೇರಿತು. 1942ರಂತೆ ಗಾಡಿ ಬಿಟ್ಟು ಬರುವ ಪ್ರಮೇಯ ಈ ಸಲ ಬರಲಿಲ್ಲ.

ಅದೇ ಹೊತ್ತಿಗೆ ಕೊಹಿಮಾ ಮುತ್ತಿಗೆಗೆ ಸಿಕ್ಕಿತು. ಆ ಕದನದ ನಕ್ಷೆಯನ್ನು ಬಿಡಿಸಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪ್ರಸಿದ್ಧ ಯುದ್ಧಗಳ ಗುಡ್ಡಗಳಿಗೆ ಸಾಮಾನ್ಯವಾಗಿ ಕೋಟೆಯದೋ ದೇವರದೋ ಹೆಸರಿರುತ್ತದೆ. ಕೊಹಿಮಾದ ದಿಣ್ಣೆಗಳ ಹೆಸರು ಎಫ್.ಎಸ್.ಡಿ., ಡಿ.ಐ.ಎಸ್., ಜಿ.ಪಿ.ಟಿ. ಮೊದಲನೆಯದು ರೇಷನ್ ಡಿಪೋ, ಎರಡನೆಯದು ಸಾಮಾನು ಹಂಚುವ ಉಗ್ರಾಣ. ಮೂರನೆಯದು ಜನರಲ್ ಪರ್ಪಸ್ ಟ್ರಾನ್ಸ್‌ಪೋರ್ಟ್, ಎಂದರೆ ಲಾರಿ ಕಂಪನಿ ಬೀಡುಬಿಟ್ಟಿದ್ದ ದಿಣ್ಣೆ. ಮುಂಚೂಣಿಯಿಂದ ದೂರವೆಂದು ಉಗ್ರಾಣದವರಿಗೂ ಲಾರಿಯವರಿಗೂ ಕೊಟ್ಟಿದ್ದ ಜಾಗವೇ ಏಷ್ಯಾದ ಅತಿ ಕ್ರೂರ ಕದನಗಳಲ್ಲಿ ಒಂದಕ್ಕೆ ಅಂಗಳವಾಯಿತು. ಮುತ್ತಿಗೆಯ ಒಳಗಿದ್ದವರು ಸುಮಾರು 2,500. ಅವರಲ್ಲಿ ಸಾವಿರದಷ್ಟು ಜನ ಕಾದಾಟಕ್ಕೆಂದು ಬಂದವರೇ ಅಲ್ಲ. ಜಿ.ಪಿ.ಟಿ. ದಿಣ್ಣೆ ಮೊದಲ ಒಂದೆರಡು ದಿನಗಳಲ್ಲೇ ಕೈತಪ್ಪಿತು. ಅಲ್ಲಿಂದ ಬರುತ್ತಿದ್ದ ನೀರೂ ಅದರೊಂದಿಗೆ ಹೋಯಿತು. ಏಪ್ರಿಲ್ 20ರ ಹೊತ್ತಿಗೆ ಮುತ್ತಿಗೆ ಸಡಿಲವಾದರೂ ಆ ದಿಣ್ಣೆಯನ್ನು ಮರಳಿ ಪಡೆಯಲು ಮೇ ತಿಂಗಳವರೆಗೆ ಹೋರಾಡಬೇಕಾಯಿತು.

ಇಂಫಾಲ ಬಯಲಿಗೆ ದಾರಿ ಕಡಿದುಹೋಗಿದ್ದ ಸುಮಾರು ಮೂರು ತಿಂಗಳು ಎಲ್ಲವೂ ವಿಮಾನದಲ್ಲಿ ಬರಬೇಕಾಯಿತು. ಒಂದು ಲಾರಿ ದಾರಿಯ ಬೆಲೆ ಎಷ್ಟು ಎಂಬುದು ಸೇನೆಗೆ ಆಗ ಗೊತ್ತಾಯಿತು. ರೇಷನ್ ಕಡಿತವಾಯಿತು, ಕೆಲಸಕ್ಕೆ ಬೇಡದ ಹತ್ತಾರು ಸಾವಿರ ಜನರನ್ನು ಬರಿಗೈಯಲ್ಲಿ ಮರಳುವ ವಿಮಾನಗಳಲ್ಲೇ ಹೊರಗೆ ಕಳಿಸಿದರು. 1944ರ ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದ ಪಡೆಯೂ ಇಂಫಾಲದ ಪಡೆಯೂ ಪರಸ್ಪರ ಸಂಧಿಸಿದವು. ಆ ಜಾಗವೂ ಚರಿತ್ರೆಯಲ್ಲಿ ಮೈಲಿಗಲ್ಲಾಗಿಯೇ ಉಳಿದಿದೆ: ದಿಮಾಪುರದಿಂದ 109. ಕಾದು ನಿಂತಿದ್ದ ಲಾರಿ ಸಾಲುಗಳು ಹೊರಟವು.

ಗುಂಡಿಗಿಂತ ಜ್ವರ ಹೆಚ್ಚು ಜನರನ್ನು ಕೆಡವಿತ್ತು. ಬರ್ಮಾ ರಣರಂಗದ 14ನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಬರೆದಿರುವ ಲೆಕ್ಕದಂತೆ 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬನಿಗೆ ಪ್ರತಿಯಾಗಿ ರೋಗ ಬಂದು ಹೋದವರು 120. ಮಲೇರಿಯಾ ಅದರಲ್ಲಿ ಮೊದಲನೆಯದು. ಘಟ್ಟದ ಬುಡದ ಊರುಗಳಿಗೆ ಚಳಿಜ್ವರ ಹೊಸದಲ್ಲ. ಹೊಸದಾಗಿದ್ದದ್ದು ಅದನ್ನು ಸೇನಾ ಅಪರಾಧದಂತೆ ಕಂಡದ್ದು. ಮೆಪಾಕ್ರಿನ್ ಮಾತ್ರೆ ನುಂಗದಿದ್ದರೆ ತುಕಡಿಯ ಅಧಿಕಾರಿಯ ತಲೆದಂಡ. ಮೈ ಹಳದಿಯಾದರೂ ಜ್ವರ ಇಳಿಯಿತು.

1944ರ ಡಿಸೆಂಬರಿನಲ್ಲಿ ದಿಕ್ಕು ತಿರುಗಿತು. ಕಲೇವಾದಲ್ಲಿ ಚಿಂದ್ವಿನ್ ಮೇಲೆ 1,154 ಅಡಿ ಉದ್ದದ, ಬಿಡಿಭಾಗ ಜೋಡಿಸಿ ಕಟ್ಟುವ ಬೈಲಿ ಸೇತುವೆ ಎದ್ದಿತು. ಆ ಬಗೆಯದರಲ್ಲಿ ಆಗ ಜಗತ್ತಿನಲ್ಲೇ ಉದ್ದವಾದದ್ದು. ಎರಡೂವರೆ ವರ್ಷದ ಹಿಂದೆ ಲಾರಿಗಳನ್ನು ಕೆಡಿಸಿ ಬಿಟ್ಟ ನದಿಯನ್ನು ಲಾರಿಗಳು ಈಗ ಚಕ್ರ ನೆನೆಯದೆ ದಾಟಿದವು. ಅದಕ್ಕೆ ಹೋಗುವ ಕಬಾವ್ ಕಣಿವೆಯಲ್ಲಿ ಕಲ್ಲು ಸಿಗುತ್ತಿರಲಿಲ್ಲ, ಜಲ್ಲಿ ಹಾಸುವಂತಿರಲಿಲ್ಲ. ಎಂಜಿನಿಯರುಗಳು ಗೋಣಿ ಬಟ್ಟೆಯ ಸುರುಳಿಗಳನ್ನು ಡಾಂಬರಿನಲ್ಲಿ ಅದ್ದಿ, ಸಮ ಮಾಡಿದ ಮಣ್ಣಿನ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹಾಸಿದರು. ಮಳೆ ನೀರು ಒಳಗಿಳಿಯದಿದ್ದರೆ ಮಣ್ಣು ಕೆಸರಾಗುವುದಿಲ್ಲ ಎಂಬುದಷ್ಟೇ ಅದರ ತತ್ವ. ನೂರು ಮೈಲಿಯ ಆಸುಪಾಸು ಹಾಸಿದ ಈ ಗೋಣಿ ರಸ್ತೆ ದಿನಕ್ಕೆ ಸಾವಿರ ವಾಹನಗಳನ್ನು ತಾಳಿಕೊಂಡಿತು. ತೊರೆಗಳ ಮೇಲಿನ ಸೇತುವೆಗಳಿಗೆ ದಿಮ್ಮಿ ಎಳೆದದ್ದು ಆನೆಗಳು. ಆನೆ, ದಿಮ್ಮಿ, ಲಾರಿ ಒಟ್ಟಿಗಿರುವ ಕಾಡುದಾರಿ ಸುಬ್ರಹ್ಮಣ್ಯ, ಶಿರಾಡಿ ಕಡೆಯ ನಾಟಾ ಸಾಗಣೆ ಕಂಡವರಿಗೆ ಬರ್ಮಾದಂತೆ ಅನಿಸಲಿಕ್ಕಿಲ್ಲ.

ಐರಾವತಿ ದಾಟಿದ ಮೇಲೆ ಬೆಟ್ಟ ಮುಗಿದು ಒಣ ಬಯಲು. ಚಾಲಕನ ಶತ್ರು ಕೆಸರಿನಿಂದ ಧೂಳಿಗೆ ಬದಲಾಯಿತು. 1945ರ ಮಾರ್ಚ್ 3ರಂದು ಮೈಕ್ತಿಲಾ ವಶವಾಯಿತು. ಅಲ್ಲಿಂದ ರಂಗೂನಿನವರೆಗಿನ ಓಟ ನಡೆದದ್ದು ಜಪಾನಿಗಳ ವಿರುದ್ಧ ಅರ್ಧ, ಮಳೆಗಾಲದ ವಿರುದ್ಧ ಅರ್ಧ. ಮಳೆ ಮೊದಲೇ ಬಂದು ಪೆಗು ಹತ್ತಿರ ಗಾಡಿಗಳನ್ನು ತಡೆಯಿತು. ಮೇ 3ರಂದು ರಂಗೂನ್ ಸೇರಿದ ಪಡೆ ಸಮುದ್ರದಿಂದ ಬಂದದ್ದು. ಸಾವಿರಾರು ಮೈಲಿ ಓಡಿಸಿ ಬಂದವರು ಕೊನೆಯ ಹತ್ತಾರು ಮೈಲಿಗಳಲ್ಲಿ ಹಿಂದೆ ಉಳಿದರು.

ಯುದ್ಧಕಾಲಕ್ಕೆಂದು ಭರ್ತಿಯಾದವರನ್ನು 1945ರ ಕೊನೆಯಿಂದ ಮನೆಗೆ ಕಳಿಸತೊಡಗಿದರು. ಪಿಂಚಣಿಗೆ ಬೇಕಾದಷ್ಟು ವರ್ಷ ಯಾರಿಗೂ ತುಂಬಿರಲಿಲ್ಲ. ಸಿಕ್ಕಿದ್ದು ಒಂದಿಷ್ಟು ಇಡಿಗಂಟು, ಪದಕಗಳು ಮತ್ತು ಬಿಡುಗಡೆಯ ಪತ್ರ. ಪಿಂಚಣಿಯಿಲ್ಲದ ಎರಡನೇ ಮಹಾಯುದ್ಧದ ಯೋಧರಿಗೂ ಅವರ ವಿಧವೆಯರಿಗೂ ಕರ್ನಾಟಕ ಸರ್ಕಾರ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಮಾಸಾಶನ ಕೊಡತೊಡಗಿದ್ದು ಬಹಳ ತಡವಾಗಿ. ಬರುವಾಗ ತಂದ ನಿಜವಾದ ಆಸ್ತಿ ಕೈಕಸುಬು. ಅದಕ್ಕೆ ಸರಿಯಾಗಿ ಸರ್ಕಾರ ಹೆಚ್ಚುವರಿ ಸೇನಾ ವಾಹನಗಳನ್ನು ಹರಾಜಿಗಿಟ್ಟಿತು. ಯುದ್ಧಾನಂತರದ ವರ್ಷಗಳಲ್ಲಿ ದೇಶದ ಎಷ್ಟೋ ಸಣ್ಣ ಬಸ್ಸು, ಲಾರಿ ಮಾಲೀಕರ ಮೊದಲ ಬಂಡವಾಳ ಇಂಥ ‘ಡಿಸ್ಪೋಸಲ್’ ಗಾಡಿಗಳು. ಬಣ್ಣ ಬದಲಿಸಿ, ಹಿಂದೆ ಮರದ ಕಟಾಂಜನ ಕಟ್ಟಿಸಿದರೆ ಮದ್ದುಗುಂಡು ಹೊತ್ತ ಲಾರಿ ನಾಟಾ ಹೊರಲು ತಯಾರು.

ಇದೇ ಯುದ್ಧದಿಂದ ಸಂಪಾಜೆ ಘಾಟಿಯ ಮೇಲಿನ ಕೊಡಗಿಗೆ ದೊಡ್ಡ ಹೆಸರುಗಳು ಬಂದವು. ಕಾರ್ಯಪ್ಪ 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಭಾರತೀಯ. ತಿಮ್ಮಯ್ಯ ಅರಕಾನಿನಲ್ಲಿ ಬೆಟಾಲಿಯನ್ ನಡೆಸಿದವರು, ಅವರ ಮಡಿಕೇರಿಯ ಮನೆ 2021ರಿಂದ ಸಂಗ್ರಹಾಲಯ. ಘಾಟಿಯ ಕೆಳಗಿನ ಸಾಮಾನ್ಯ ಚಾಲಕನ ಚರಿತ್ರೆ ಸಂಗ್ರಹಾಲಯಕ್ಕೆ ಹೋಗುವಂಥದಲ್ಲ. ಅವನು ಬರೆದದ್ದು ಲಾಗ್ ಬುಕ್ಕು ಮಾತ್ರ: ಹೊರಟ ಮೈಲಿ, ತಲುಪಿದ ಮೈಲಿ, ಹಾಕಿದ ಪೆಟ್ರೋಲು. ಆ ಪುಸ್ತಕಗಳು ಗಾಡಿಗಳ ಜತೆಗೇ ಹೋದವು.

1950ರ ಜನವರಿ 26ರಂದು ದಳದ ಹೆಸರಿನಿಂದ ‘ರಾಯಲ್’ ಬಿತ್ತು. ಇಂದಿನ ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ ಮತ್ತು ಕಾಲೇಜು ಬೆಂಗಳೂರಿನಲ್ಲಿದೆ. ಕೊಹಿಮಾದ ಯುದ್ಧ ಸ್ಮಶಾನದಲ್ಲಿ 1,420 ಗೋರಿಗಳಿವೆ. ಅಲ್ಲೇ ಎತ್ತರದಲ್ಲಿ, ಧರ್ಮದ ಪ್ರಕಾರ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರು ಕೆತ್ತಿದ ಸ್ಮಾರಕವಿದೆ. ರಂಗೂನ್ ಬಳಿಯ ತೌಕ್ಯಾನ್‌ನಲ್ಲಿ ಗೋರಿಯೇ ಇಲ್ಲದ ಸುಮಾರು 27,000 ಜನರ ಹೆಸರುಗಳನ್ನು ಕಂಬಗಳ ಮೇಲೆ ದಳವಾರು ಬರೆದಿದ್ದಾರೆ. ಸರ್ವಿಸ್ ಕೋರ್‌ಗೂ ಅಲ್ಲಿ ಅದರದೇ ಸಾಲುಗಳಿವೆ.